ಗೇಟಿನ ಒಳಗೆ ಕೆಲಸ, ಹೊರಗೆ ಮನೆ: ನೋಯ್ಡಾದ ಅರ್ಧ ಶತಮಾನ

ನೋಯ್ಡಾದಲ್ಲಿ ಯಾರದೇ ವಿಳಾಸ ಕೇಳಿದರೂ ಉತ್ತರದಲ್ಲಿ ನಾಲ್ಕು ಪದಗಳ ಪೈಕಿ ಒಂದು ಸಾಮಾನ್ಯವಾಗಿ ಬರುತ್ತದೆ: ಸೆಕ್ಟರ್, ಸೊಸೈಟಿ, ಗಾಂವ್, ಕಾಲೋನಿ. ಸೆಕ್ಟರ್ ಎಂದರೆ ಪ್ರಾಧಿಕಾರ ನಕ್ಷೆ ಹಾಕಿ ನಿವೇಶನ ಹಂಚಿದ ಬಡಾವಣೆ. ಸೊಸೈಟಿ ಎಂದರೆ ಗೇಟು, ಸೆಕ್ಯುರಿಟಿ, ಲಿಫ್ಟುಗಳಿರುವ ಬಹುಮಹಡಿ ವಸತಿ. ಗಾಂವ್ ಎಂದರೆ ಹೊಲವೆಲ್ಲ ಸೆಕ್ಟರ್‌ಗಳಾಗಿ ಹೋದ ಮೇಲೆ ಮನೆಗಳಷ್ಟೇ ಉಳಿದ ಹಳೆಯ ಹಳ್ಳಿ. ಕಾಲೋನಿ ಎಂದರೆ ಬಹುಮಟ್ಟಿಗೆ ಅನುಮತಿಯಿಲ್ಲದೆ ಎದ್ದ ವಸತಿ.

ಕನ್ನಡದಲ್ಲೂ ಈ ಕೊನೆಯ ಪದಕ್ಕೆ ಎರಡು ಮುಖ ಇದೆ. ಬೆಂಗಳೂರಿನಲ್ಲಿ 'ಬ್ಯಾಂಕ್ ಕಾಲೊನಿ' ಎಂದರೆ ಮರ್ಯಾದಸ್ಥರ ಬಡಾವಣೆ. ಹಳ್ಳಿಯಲ್ಲಿ 'ಕಾಲೊನಿಯವರು' ಎಂದರೆ ಊರ ಹೊರಗಿನ ದಲಿತ ಕೇರಿಯವರು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಜಾತಿಯ ಹೆಸರು ಎತ್ತದೆ ಜಾತಿ ಹೇಳುವ ಕೆಲಸವನ್ನು ಆ ಪದ ಮಾಡುತ್ತದೆ. ನೋಯ್ಡಾದ ನಾಲ್ಕು ಪದಗಳೂ ಹಾಗೆಯೇ. ಅವು ಮನೆ ಎಲ್ಲಿದೆ ಎಂಬುದರ ಜೊತೆಗೆ, ಆ ಮನೆಯವರು ಯಾವ ಕೆಲಸಕ್ಕೆ ಹೋಗಬಹುದು, ಯಾವ ಬಾಗಿಲಿನಿಂದ ಒಳಗೆ ಹೋಗಬೇಕು ಎಂಬುದನ್ನೂ ಹೇಳುತ್ತವೆ. ಐವತ್ತು ವರ್ಷದ ಹಿಂದೆ ಕೇವಲ ಹೊಲಗಳಿದ್ದ ಜಾಗದಲ್ಲಿ ಇದು ಹೇಗೆ ಆಯಿತು?

ಒಂದೇ ವಾರದ ಎರಡು ಕೆಲಸ

1976ರ ಏಪ್ರಿಲ್ 17. ದೇಶದಲ್ಲಿ ತುರ್ತುಪರಿಸ್ಥಿತಿ. ಉತ್ತರ ಪ್ರದೇಶದ ಮುಖ್ಯಮಂತ್ರಿ ನಾರಾಯಣ ದತ್ತ ತಿವಾರಿ. ಆ ವರ್ಷವೇ ಬಂದಿದ್ದ ಉತ್ತರ ಪ್ರದೇಶ ಕೈಗಾರಿಕಾ ಪ್ರದೇಶ ಅಭಿವೃದ್ಧಿ ಕಾಯ್ದೆಯಡಿ, ಯಮುನೆಯ ಪೂರ್ವ ದಂಡೆಯಲ್ಲಿ 'ನ್ಯೂ ಓಖ್ಲಾ ಇಂಡಸ್ಟ್ರಿಯಲ್ ಡೆವಲಪ್‌ಮೆಂಟ್ ಅಥಾರಿಟಿ' ಹುಟ್ಟಿತು. ನದಿಯಾಚೆ ದೆಹಲಿಯಲ್ಲಿ ಓಖ್ಲಾ ಕೈಗಾರಿಕಾ ವಸಾಹತು ಮೊದಲೇ ಇತ್ತು. ಹೀಗಾಗಿ ಈಚೆಗಿನದು ಹೊಸ ಓಖ್ಲಾ. ಆ ಕಚೇರಿಯ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳೇ ಸೇರಿ ಊರಿಗೆ ಹೆಸರಾಯಿತು. ದೆಹಲಿಯ ಸಣ್ಣ ಕೈಗಾರಿಕೆಗಳಿಗೆ ಜಾಗ ಕೊಡುವುದು, ರಾಜಧಾನಿಯ ಮೇಲಿನ ಒತ್ತಡ ತಗ್ಗಿಸುವುದು, ಗಡಿಯಂಚಿನ ಹೊಲಗಳನ್ನು ಯಾರ್‍ಯಾರೋ ಕೊಂಡು ಮನಬಂದಂತೆ ಮಾರುವುದನ್ನು ತಡೆಯುವುದು ಇದರ ಉದ್ದೇಶ.

ಅದೇ ವಾರ ನದಿಯಾಚೆ ಹಳೆ ದೆಹಲಿಯ ತುರ್ಕ್‌ಮನ್ ಗೇಟ್ ಬಳಿ ಬುಲ್ಡೋಜರುಗಳು ಮನೆ ಕೆಡವುತ್ತಿದ್ದವು. ವಿರೋಧಿಸಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ತುರ್ತುಪರಿಸ್ಥಿತಿಯ ಆ ಅವಧಿಯಲ್ಲಿ ದೆಹಲಿಯ ಸುಮಾರು ಏಳು ಲಕ್ಷ ಜನರನ್ನು ಎಬ್ಬಿಸಿ ನಗರದ ಅಂಚಿನ ಪುನರ್ವಸತಿ ಕಾಲೋನಿಗಳಿಗೆ ಸಾಗಿಸಲಾಯಿತು. ಒಂದು ಕುಟುಂಬಕ್ಕೆ 25 ಚದರ ಗಜದ ನಿವೇಶನ. ತುರ್ಕ್‌ಮನ್ ಗೇಟಿನ ಹಲವರು ಹೋಗಿ ಬಿದ್ದದ್ದು ತ್ರಿಲೋಕಪುರಿ ಮತ್ತು ನಂದ್ ನಗರಿಗೆ. ತ್ರಿಲೋಕಪುರಿ ಯಮುನೆಯ ಪೂರ್ವಕ್ಕಿದೆ, ನೋಯ್ಡಾದ ಮೊದಲ ಸೆಕ್ಟರ್‌ಗಳಿಗೆ ಮೂರ್ನಾಲ್ಕು ಕಿಲೋಮೀಟರ್ ದೂರ.

ಹೀಗೆ ಒಂದೇ ಹೊತ್ತಿನಲ್ಲಿ ಒಂದು ಸರ್ಕಾರ ಗಡಿಯ ಆಚೆ ಕಾರ್ಖಾನೆಗಳಿಗೆ ಜಾಗ ಮಾಡಿತು, ಇನ್ನೊಂದು ಗಡಿಯ ಈಚೆ ಕೂಲಿಕಾರರನ್ನು ತಂದು ಇಳಿಸಿತು. ಇವೆರಡನ್ನೂ ಒಂದು ಯೋಜನೆಯಾಗಿ ಯಾರೂ ಬರೆದಿರಲಿಲ್ಲ. ಆದರೆ ಮುಂದಿನ ದಶಕಗಳಲ್ಲಿ ನೋಯ್ಡಾ ಬೆಳೆದದ್ದು ಇದೇ ಮಾದರಿಯಲ್ಲಿ. ಕೆಲಸ ನಕ್ಷೆಯ ಒಳಗೆ, ಕೆಲಸಗಾರರ ಮನೆ ನಕ್ಷೆಯ ಹೊರಗೆ.

ಹೊಲ ಹೋದ ಹಳ್ಳಿ

ನೋಯ್ಡಾದ ಅಧಿಸೂಚಿತ ಪ್ರದೇಶ ಇಂದು 20,316 ಹೆಕ್ಟೇರ್, ಅದರೊಳಗೆ 81 ಹಳ್ಳಿಗಳು. ನಿಠಾರಿ, ಹರೋಲಾ, ಅಟ್ಟಾ, ಛಲೇರಾ, ಬರೋಲಾ, ಮಾಮೂರಾ, ಭಂಗೇಲ್ ಅವುಗಳಲ್ಲಿ ಕೆಲವು. ಪ್ರಾಧಿಕಾರ ಹೊಲಗಳನ್ನು ಸ್ವಾಧೀನ ಮಾಡಿಕೊಂಡಿತು. ಜನ ವಾಸವಿದ್ದ ಜಾಗವನ್ನು, ಅಂದರೆ 'ಆಬಾದಿ'ಯನ್ನು, ಹೆಚ್ಚಾಗಿ ಹಾಗೆಯೇ ಬಿಟ್ಟಿತು. ಸೆಕ್ಟರ್‌ಗಳಲ್ಲಿ ಯಾರು ಎಷ್ಟು ಮಹಡಿ ಕಟ್ಟಬೇಕು, ರಸ್ತೆ ಎಷ್ಟು ಅಗಲ ಇರಬೇಕು ಎಂಬುದಕ್ಕೆ ನಿಯಮ ಇತ್ತು. ಆಬಾದಿಯಲ್ಲಿ ಅಷ್ಟು ಬಿಗಿ ಇರಲಿಲ್ಲ.

ಹೊಲ ಕಳೆದುಕೊಂಡ ರೈತ ಪರಿಹಾರದ ದುಡ್ಡಿನಲ್ಲಿ ಮಾಡಬಹುದಾಗಿದ್ದ ಭದ್ರ ವ್ಯವಹಾರ ಅದೇ ಸಂದಿನಲ್ಲಿತ್ತು. ಹಟ್ಟಿಯಿದ್ದ ಜಾಗದಲ್ಲಿ ಮೂರು ನಾಲ್ಕು ಮಹಡಿ ಎಬ್ಬಿಸಿ, ಒಂದೊಂದು ಮಹಡಿಗೆ ಸಾಲು ಕೋಣೆ, ಸಾಲಿಗೆ ಒಂದೆರಡು ಶೌಚಾಲಯ ಮಾಡಿ ಬಾಡಿಗೆಗೆ ಕೊಡುವುದು. ಬಿಹಾರ, ಬಂಗಾಳ, ಪೂರ್ವ ಉತ್ತರ ಪ್ರದೇಶ, ಬುಂದೇಲಖಂಡದಿಂದ ಬಂದ ಹುಡುಗರು ಒಂದು ಕೋಣೆಯಲ್ಲಿ ನಾಲ್ಕೈದು ಜನ ಸೇರಿದರು. ಪ್ರಾಧಿಕಾರ 'ಶ್ರಮಿಕ್ ಕುಂಜ್' ಎಂಬ ಹೆಸರಿನಲ್ಲಿ ಕಾರ್ಮಿಕರಿಗೆ ಸಣ್ಣ ಮನೆಗಳನ್ನೂ ಕಟ್ಟಿಸಿತು. ಆದರೆ ಬಂದ ಜನರ ಲೆಕ್ಕದಲ್ಲಿ ಅದು ಬಹಳ ಸಣ್ಣ ಪಾಲು. ನೋಯ್ಡಾದ ಕಾರ್ಮಿಕ ವಸತಿಯ ನಿಜವಾದ ಹೊಣೆ ಹೊತ್ತವರು ಹಳ್ಳಿಯ ಮಾಲೀಕರು.

ಹೊಲ ಕೊಟ್ಟವರ ಮನೆಯಲ್ಲೂ ನೆಮ್ಮದಿ ಇರಲಿಲ್ಲ. ಪರಿಹಾರ ಸಾಲದು, ಕೈಗಾರಿಕೆಗೆಂದು ತುರ್ತು ಕಲಮಿನಡಿ ಕಿತ್ತುಕೊಂಡ ನೆಲ ಬಿಲ್ಡರುಗಳ ಪಾಲಾಯಿತು ಎಂದು ಅವರು ಕೋರ್ಟಿಗೆ ಹೋದರು. 2011ರ ಅಕ್ಟೋಬರ್‌ನಲ್ಲಿ ಅಲಹಾಬಾದ್ ಹೈಕೋರ್ಟಿನ ಪೂರ್ಣ ಪೀಠ, ನೋಯ್ಡಾ ಮತ್ತು ಗ್ರೇಟರ್ ನೋಯ್ಡಾದ ರೈತರಿಗೆ 64.7 ಶೇಕಡ ಹೆಚ್ಚುವರಿ ಪರಿಹಾರ, 10 ಶೇಕಡ ಅಭಿವೃದ್ಧಿಪಡಿಸಿದ ಭೂಮಿ ಕೊಡಬೇಕೆಂದು ಹೇಳಿತು. ಆ ಹೊತ್ತಿಗೆ ಎರಡು ತಲೆಮಾರು ದಾಟಿತ್ತು. ಬೇಸಾಯ ಗೊತ್ತಿದ್ದವನಿಗೆ ಬೇಸಾಯಕ್ಕೆ ಹೊಲವಿಲ್ಲ. ಮಗನಿಗೆ ಸೆಕ್ಟರ್ 62ರ ಸಾಫ್ಟ್‌ವೇರ್ ಕಚೇರಿಗೆ ಬೇಕಾದ ಓದಿಲ್ಲ. ಬಾಡಿಗೆಯೇ ಅವನ ಉದ್ಯೋಗ.

ನಕ್ಷೆಯ ಸರಿ ಅಂಚಿಗೆ, ಗಾಜಿಯಾಬಾದ್ ಜಿಲ್ಲೆಯಲ್ಲಿ, ಖೋಡಾ ಇದೆ. ಒಂದು ಕಡೆ ಹೆದ್ದಾರಿ, ಇನ್ನೊಂದು ಕಡೆ ನೋಯ್ಡಾದ ಸೆಕ್ಟರ್‌ಗಳು. 2011ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ ಎರಡು ಲಕ್ಷದ ಹತ್ತಿರ ಇತ್ತು, ನೋಯ್ಡಾದ್ದು 6.37 ಲಕ್ಷ. ಹಾಸನದಷ್ಟು ದೊಡ್ಡ ಊರು ಅನುಮತಿಯಿಲ್ಲದ ಕಾಲೋನಿಯಾಗಿ ಬೆಳೆಯಿತು. ಖೋಡಾದವರು ವರ್ಷಗಟ್ಟಲೆ ಕೊಳಾಯಿ ನೀರಿಗಾಗಿ ಬೀದಿಗಿಳಿದಿದ್ದಾರೆ. ಒಂದು ರಸ್ತೆ ದಾಟಿದರೆ ನೋಯ್ಡಾದ ಗಂಗಾ ನೀರು. ಆದರೆ ನೀರಿನ ಪೈಪು ಜಿಲ್ಲೆಯ ಗಡಿ ನೋಡಿ ನಿಲ್ಲುತ್ತದೆ. ಬೆಳಿಗ್ಗೆ ಪಾತ್ರೆ ತೊಳೆಯಲು, ಕಾವಲಿಗೆ, ಹೊಲಿಗೆಗೆ ಹೊರಟ ಜನ ಮಾತ್ರ ಗಡಿ ದಾಟುತ್ತಾರೆ.

ದೂರದ ಸಮಸ್ಯೆ, ಹತ್ತಿರದ ಸಮಸ್ಯೆ

ನಗರದ ನಕ್ಷೆಗೂ ನಿರುದ್ಯೋಗಕ್ಕೂ ಇರುವ ಸಂಬಂಧದ ಚರ್ಚೆಗೆ ಅಡಿಪಾಯ ಹಾಕಿದವರು ಅಮೆರಿಕದ ಅರ್ಥಶಾಸ್ತ್ರಜ್ಞ ಜಾನ್ ಕೇನ್. 1968ರಲ್ಲಿ ಅವರು ಡೆಟ್ರಾಯ್ಟ್ ಮತ್ತು ಷಿಕಾಗೊ ನಗರಗಳನ್ನು ಇಟ್ಟುಕೊಂಡು ಹೇಳಿದ್ದು ಇಷ್ಟು: ಕಾರ್ಖಾನೆಗಳು ನಗರದ ಹೊರವಲಯಕ್ಕೆ ಹೋಗುತ್ತಿವೆ, ಕಪ್ಪು ಜನರಿಗೆ ಅಲ್ಲಿ ಮನೆ ಸಿಗುವುದಿಲ್ಲ, ಅವರು ನಗರದ ನಡುವಿನ ಕೇರಿಗಳಲ್ಲಿ ಸಿಕ್ಕಿಬಿದ್ದಿದ್ದಾರೆ, ಆದ್ದರಿಂದ ಕೆಲಸ ಕಳೆದುಕೊಳ್ಳುತ್ತಿದ್ದಾರೆ. ಮನೆ ಕೊಡುವಾಗ ಮಾಡುವ ಭೇದ ಕೆಲಸದ ಭೇದವಾಗಿ ಮಾರ್ಪಡುತ್ತದೆ. ನಡುವಿನ ಕೊಂಡಿ ದೂರ.

ಕರ್ನಾಟಕದಲ್ಲಿ ಈ ಮಾತಿಗೆ ಹತ್ತಿರದ ಉದಾಹರಣೆ ಕೋಲಾರದ ಚಿನ್ನದ ಗಣಿ. 1880ರ ದಶಕದಿಂದ ಗಣಿ ನಡೆಸಿದ ಜಾನ್ ಟೇಲರ್ ಕಂಪನಿ ಕೂಲಿಕಾರರನ್ನು ಗಣಿಬಾಯಿಯ ಹತ್ತಿರವೇ 'ಲೈನು'ಗಳಲ್ಲಿ ಇರಿಸಿತು. ಹೆಚ್ಚಿನವರು ತಮಿಳು ಮಾತಾಡುವ ದಲಿತರು. ದಿಬ್ಬದ ಮೇಲೆ ಬಂಗಲೆ, ಕೆಳಗೆ ತಟ್ಟಿಯ ಗುಡಿಸಲು. ಭೇದ ಕಣ್ಣಿಗೆ ರಾಚುತ್ತಿತ್ತು, ಆದರೆ ಕೆಲಸ ಮತ್ತು ಮನೆ ಒಂದೇ ಕಡೆ ಇದ್ದವು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಮನೆ ಅಲ್ಲೇ ಉಳಿಯಿತು, ಕೆಲಸ ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಯಿತು. ಅಂದಿನಿಂದ ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲುಗಳು ಸಾವಿರಾರು ಜನರ ಬದುಕಿನ ದಾರಿ.

ನೋಯ್ಡಾದ ಕಥೆ ಇವೆರಡಕ್ಕಿಂತ ಬೇರೆ. ಅಲ್ಲಿ ಕೆಲಸಗಾರ ಕೆಲಸದಿಂದ ದೂರವಿಲ್ಲ. ಖೋಡಾದಿಂದ ಸೆಕ್ಟರ್ 58ರ ಕಾರ್ಖಾನೆಗೆ, ಬರೋಲಾದಿಂದ ಎದುರಿನ ಸೊಸೈಟಿಗೆ, ದೆಹಲಿಯ ನ್ಯೂ ಅಶೋಕ್ ನಗರದಿಂದ ಸೆಕ್ಟರ್ 15ಕ್ಕೆ ನಡೆದೇ ಹೋಗಬಹುದು. ಬಡವರು ಕಂಡುಕೊಂಡ ದಾರಿಯೇ ಇದು: ಮನೆ ಹೇಗಾದರೂ ಇರಲಿ, ಕೆಲಸದ ಹತ್ತಿರ ಇರಬೇಕು. ಬಸ್ಸಿನ ಖರ್ಚು ಉಳಿಯುತ್ತದೆ, ಮಗುವಿಗೆ ಹಾಲು ಕುಡಿಸಲು ನಡುವೆ ಬಂದು ಹೋಗಬಹುದು, ಒಂದು ಮನೆ ತಪ್ಪಿದರೆ ಪಕ್ಕದ ಮನೆಯ ಕೆಲಸದ ಸುದ್ದಿ ಸಂಜೆಯೊಳಗೆ ಕಿವಿಗೆ ಬೀಳುತ್ತದೆ. ಆದರೂ ಅವರಿಗೂ ಒಳ್ಳೆಯ ಕೆಲಸಕ್ಕೂ ನಡುವೆ ಕಿಲೋಮೀಟರಿನಲ್ಲಿ ಅಳೆಯಲಾಗದ ಅಂತರ ಇದೆ. ರಾಜ್ಯದ ಗಡಿ, ಸೊಸೈಟಿಯ ಗೇಟು, ಹೆಸರು: ಈ ಮೂರನ್ನು ದಾಟಬೇಕು.

ಗಡಿ

ನ್ಯೂ ಅಶೋಕ್ ನಗರದ ಗಲ್ಲಿಯಿಂದ ನೋಯ್ಡಾದ ಸೆಕ್ಟರ್‌ಗೆ ಕಾಲಿಟ್ಟವನಿಗೆ ರಾಜ್ಯ ಬದಲಾದದ್ದು ಗೊತ್ತಾಗದೇ ಹೋಗಬಹುದು. ಸಂಬಳಕ್ಕೆ ಗೊತ್ತಾಗುತ್ತದೆ. 2025ರಲ್ಲಿ ದೆಹಲಿಯಲ್ಲಿ ಕುಶಲವಲ್ಲದ ಕೆಲಸದ ಕನಿಷ್ಠ ವೇತನ ತಿಂಗಳಿಗೆ 18 ಸಾವಿರ ರೂಪಾಯಿ ದಾಟಿತ್ತು. ಉತ್ತರ ಪ್ರದೇಶದಲ್ಲಿ ಅದು 11 ಸಾವಿರದ ಆಸುಪಾಸು. ಉತ್ತರ ಪ್ರದೇಶದ ದರ ಆಗ ನಿಗದಿಯಾಗುತ್ತಿದ್ದದ್ದು ಇಡೀ ರಾಜ್ಯವನ್ನು ಲೆಕ್ಕ ಹಾಕಿ. ನೋಯ್ಡಾದ ಕೋಣೆ ಬಾಡಿಗೆಗೆ, ತರಕಾರಿ ಬೆಲೆಗೆ ಆ ಲೆಕ್ಕ ಗೊತ್ತಿರಲಿಲ್ಲ. ದೆಹಲಿಯ ಕಾನೂನಿನ ಕೂಲಿ ದೆಹಲಿಯ ಎಲ್ಲರಿಗೂ ಸಿಗುತ್ತದೆ ಎಂದಲ್ಲ. ಆದರೆ ಕೇಳಲು ಒಂದು ಅಂಕಿ ಅಲ್ಲಿದೆ. ಕಾರ್ಖಾನೆಗಳು ಗಡಿಯಾಚೆ ನೆಲೆಸಲು ಅಗ್ಗದ ನೆಲ, ಅಗಲ ರಸ್ತೆಗಳ ಜೊತೆಗೆ ಈ ವ್ಯತ್ಯಾಸವೂ ಒಂದು ಅನುಕೂಲ.

ದೆಹಲಿಯ ಕೋರ್ಟು ಕಟ್ಟಳೆಗಳೂ ಕೆಲಸವನ್ನು ಹೊರಗೆ ತಳ್ಳಿದವು. ಎಂ.ಸಿ. ಮೆಹ್ತಾ ಹೂಡಿದ ಮೊಕದ್ದಮೆಯಲ್ಲಿ 1996ರ ಜುಲೈ 8ರಂದು ಸುಪ್ರೀಂ ಕೋರ್ಟು ಅಪಾಯಕಾರಿ ಎನ್ನಲಾದ 168 ಕೈಗಾರಿಕೆಗಳು ನವೆಂಬರ್ 30ರೊಳಗೆ ದೆಹಲಿಯಿಂದ ಹೋಗಬೇಕೆಂದು ಆದೇಶಿಸಿತು. 2000ದ ನವೆಂಬರ್‌ನಲ್ಲಿ ವಸತಿ ಪ್ರದೇಶದ ಸಣ್ಣ ಕಾರ್ಖಾನೆಗಳನ್ನು ಮುಚ್ಚಲು ಹೊರಟಾಗ ಕಾರ್ಮಿಕರೂ ಮಾಲೀಕರೂ ಒಟ್ಟಿಗೆ ಬೀದಿಗಿಳಿದರು. ಮಾಲೀಕನಿಗೆ ಬೇರೆ ಕಡೆ ನಿವೇಶನ ಕೊಡುವ ಮಾತಿತ್ತು. ಕಾರ್ಖಾನೆಯ ಜೊತೆಗೆ ಕಾರ್ಮಿಕನ ಮನೆಯೂ ಸ್ಥಳಾಂತರವಾಗಬೇಕು ಎಂಬ ಮಾತಿಗೆ ಯೋಜನೆಯಲ್ಲಿ ಅಷ್ಟು ತೂಕ ಇರಲಿಲ್ಲ.

ಗಡಿ ಎಷ್ಟು ಗಟ್ಟಿಯಾಗಬಲ್ಲದು ಎಂಬುದು 2020ರಲ್ಲಿ ಕಂಡಿತು. ಕೊರೊನಾ ಪ್ರಕರಣಗಳು ದೆಹಲಿಯಿಂದ ಬರುತ್ತಿವೆ ಎಂಬ ಕಾರಣ ಕೊಟ್ಟು ಗೌತಮ ಬುದ್ಧ ನಗರ ಜಿಲ್ಲಾಡಳಿತ ಏಪ್ರಿಲ್ ಕೊನೆಯ ವಾರಗಳಲ್ಲಿ ದೆಹಲಿ ಗಡಿಯನ್ನು ಮುಚ್ಚಿತು. ಆಗ ಜಿಲ್ಲಾಧಿಕಾರಿಯಾಗಿದ್ದವರು ಹಾಸನ ಮೂಲದ ಕನ್ನಡಿಗ ಸುಹಾಸ್ ಎಲ್. ಯತಿರಾಜ್, ಮರುವರ್ಷ ಅವರು ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಬ್ಯಾಡ್ಮಿಂಟನ್ ಬೆಳ್ಳಿ ಗೆದ್ದರು. ಪಾಸು ಇದ್ದ ವೈದ್ಯರು, ಪತ್ರಕರ್ತರು, ಅಗತ್ಯ ಸೇವೆಯವರು ದಾಟಬಹುದಿತ್ತು. ಮನೆಗೆಲಸದ ಹೆಂಗಸಿಗೆ ಪಾಸು ಕೊಡಲು ಅವಳ ಬಳಿ ಯಾವ ಕಂಪನಿಯ ಪತ್ರವೂ ಇಲ್ಲ. ಒಂದು ರಸ್ತೆಯಷ್ಟು ಅಗಲದ ಗಡಿ ವಾರಗಟ್ಟಲೆ ಸಮುದ್ರವಾಯಿತು. ರಾಜಧಾನಿ ವಲಯದ ಮೂರು ರಾಜ್ಯಗಳು ಕೂತು ಓಡಾಟಕ್ಕೆ ಒಂದೇ ಪಾಸು, ಒಂದೇ ನೀತಿ ಮಾಡಿಕೊಳ್ಳಿ ಎಂದು ಜೂನ್ 4ರಂದು ಸುಪ್ರೀಂ ಕೋರ್ಟು ಹೇಳಬೇಕಾಯಿತು.

ಗೇಟು

1990ರ ದಶಕದ ನಂತರ ನೋಯ್ಡಾದಲ್ಲಿ ಕಾರ್ಖಾನೆಗಿಂತ ಹೆಚ್ಚು ಕಣ್ಣಿಗೆ ಬಿದ್ದದ್ದು ಸೊಸೈಟಿಗಳು. 2001ರಲ್ಲಿ ದೆಹಲಿ–ನೋಯ್ಡಾ ಡಿಎನ್‌ಡಿ ಸೇತುವೆ ತೆರೆಯಿತು, 2009ರ ನವೆಂಬರ್‌ನಲ್ಲಿ ಮೆಟ್ರೊ ಬಂತು. ಕಚೇರಿ ನೌಕರರು ಸಾಲ ತೆಗೆದು ಇಪ್ಪತ್ತನೆಯ ಮಹಡಿಯಲ್ಲಿ ಮನೆ ಕೊಂಡರು. ಪ್ರತಿ ಮನೆಗೂ ಕಸ ಗುಡಿಸುವವರು, ಅಡುಗೆಯವರು, ಮಗು ನೋಡುವವರು, ಕಾರು ಒರೆಸುವವರು ಬೇಕಾದರು. ಹಳ್ಳಿಯ ಕೋಣೆಗಳು, ಖಾಲಿ ನಿವೇಶನದ ತಗಡಿನ ಗುಡಿಸಲುಗಳು ತುಂಬಿದವು.

ಈ ಕೆಲಸದ ಮೊದಲ ಸಂದರ್ಶನ ನಡೆಯುವುದು ಗೇಟಿನಲ್ಲಿ. ಪೊಲೀಸ್ ಪರಿಶೀಲನೆಯ ಚೀಟಿ, ಗುರುತಿನ ಕಾರ್ಡು, ಹೊರಬರುವಾಗ ಚೀಲದ ತಪಾಸಣೆ, ಎಷ್ಟೋ ಕಡೆ ಬೇರೆ ಲಿಫ್ಟು. 2016ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಗೇಟ್‌ನಂಥ ಆ್ಯಪ್‌ಗಳು ಬಂದ ಮೇಲೆ ಈ ಲೆಕ್ಕ ಮೊಬೈಲಿಗೆ ಹೋಯಿತು. ಯಾರು ಎಷ್ಟು ಗಂಟೆಗೆ ಒಳಗೆ ಬಂದರು, ಯಾವ ಮನೆಗೆ ಹೋದರು ಎಂಬುದು ಮಾಲೀಕರಿಗೆ ಗೊತ್ತು. ಕೆಲಸಗಾರ್ತಿಗೆ ಮಾಲೀಕರ ಬಗ್ಗೆ ಅಂಥ ಯಾವ ದಾಖಲೆಯೂ ಇಲ್ಲ. ಗೇಟಿನ ಪಟ್ಟಿಯಿಂದ ಹೆಸರು ಹೋದರೆ ಒಂದು ಮನೆಯಷ್ಟೇ ಅಲ್ಲ, ಅದೇ ಸೊಸೈಟಿಯಲ್ಲಿ ಹಿಡಿದಿದ್ದ ನಾಲ್ಕೈದು ಮನೆಗಳೂ ಒಟ್ಟಿಗೆ ಹೋಗುತ್ತವೆ. ಕರ್ನಾಟಕ 2004ರಲ್ಲೇ ಮನೆಗೆಲಸವನ್ನು ಕನಿಷ್ಠ ವೇತನದ ಅಧಿಸೂಚನೆಗೆ ಸೇರಿಸಿತು. ಜಾರಿ ಹೇಗಿದೆ ಎಂಬುದು ಬೇರೆ ಮಾತು. ಉತ್ತರ ಪ್ರದೇಶದಲ್ಲಿ ಸಂಬಳ ತೀರ್ಮಾನವಾಗುವುದು ಆಯಾ ಸೊಸೈಟಿಯ 'ರೇಟಿ'ನಲ್ಲಿ.

2017ರ ಜುಲೈ 12ರಂದು ಈ ಗೇಟು ಸುದ್ದಿಯಾಯಿತು. ಸೆಕ್ಟರ್ 78ರ ಮಹಾಗುನ್ ಮಾಡರ್ನ್ ಎಂಬ ಸೊಸೈಟಿಯಲ್ಲಿ ಕೆಲಸಕ್ಕೆ ಹೋದ ಬಂಗಾಳ ಮೂಲದ ಮಹಿಳೆ ರಾತ್ರಿ ಮನೆಗೆ ಬರಲಿಲ್ಲ. ಅವಳನ್ನು ಕೂಡಿಹಾಕಿದ್ದಾರೆ ಎಂದು ಮನೆಯವರು, ಕಳ್ಳತನ ಮಾಡಿದ್ದಾಳೆ ಎಂದು ಮಾಲೀಕರು. ಬೆಳಿಗ್ಗೆ ಗುಡಿಸಲುಗಳ ಜನ ಗೇಟಿನ ಬಳಿ ಸೇರಿದರು, ಕಲ್ಲು ತೂರಾಟವಾಯಿತು, ಗುಂಪು ಒಳಗೆ ನುಗ್ಗಿತು. ಪೊಲೀಸರು ಗುಡಿಸಲುಗಳ ಕಡೆಯ 13 ಮಂದಿಯನ್ನು ಬಂಧಿಸಿದರು. ಆ ಜನರನ್ನು 'ಬಾಂಗ್ಲಾದೇಶಿಗಳು' ಎಂದು ಕರೆದು ಕೆಲಸಕ್ಕೆ ಸೇರಿಸಬಾರದೆಂಬ ಕೂಗು ಎದ್ದಿತು. ಕೆಲವೇ ದಿನಗಳಲ್ಲಿ ಸೊಸೈಟಿ ಎದುರಿನ ಸಣ್ಣ ಅಂಗಡಿಗಳನ್ನು ಪ್ರಾಧಿಕಾರ ಅತಿಕ್ರಮಣವೆಂದು ಕೆಡವಿತು. ಯಾರು ಹೇಳಿದ್ದು ನಿಜ ಎಂಬುದು ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ ಒಂದು ಸಂಗತಿಗೆ ತೀರ್ಪು ಬೇಕಾಗಿಲ್ಲ. ಜಗಳವಾದಾಗ ಒಂದು ಪಕ್ಷದ ಮನೆ ಸಕ್ರಮ, ಇನ್ನೊಂದು ಪಕ್ಷದ ಮನೆ, ಅಂಗಡಿ ಎರಡೂ ಅಕ್ರಮ. ಹಾಗಿರುವಾಗ ಸಂಬಳದ ಚೌಕಾಸಿ ಸಮಾನರ ನಡುವಿನ ಮಾತಾಗಿ ಉಳಿಯುವುದಿಲ್ಲ.

ಹೆಸರು

ಮೂರನೆಯ ತಡೆ ನಕ್ಷೆಯಲ್ಲಿ ಕಾಣುವುದಿಲ್ಲ. ಸುಖದೇವ್ ಥೋರಟ್ ಮತ್ತು ಸಂಗಡಿಗರು 2012ರಲ್ಲಿ ದೆಹಲಿ, ನೋಯ್ಡಾ, ಗಾಜಿಯಾಬಾದ್, ಗುರುಗ್ರಾಮ, ಫರೀದಾಬಾದ್‌ಗಳಲ್ಲಿ ಬಾಡಿಗೆ ಮನೆ ಹುಡುಕುವ ಒಂದು ಪರೀಕ್ಷೆ ಮಾಡಿದರು. ಕೇಳಿದವರೆಲ್ಲ ಓದಿದವರು, ಉದ್ಯೋಗಸ್ಥರು. ಬೇರೆ ಇದ್ದದ್ದು ಜಾತಿ, ಧರ್ಮ ತಿಳಿಸುವ ಹೆಸರು. ಮೇಲ್ಜಾತಿಯ ಹಿಂದೂ ಹೆಸರಿಗೆ ಹೆಚ್ಚುಕಡಿಮೆ ಎಲ್ಲ ಬಾಗಿಲೂ ತೆರೆದವು. ಫೋನಿನಲ್ಲೇ 'ಇಲ್ಲ' ಎನಿಸಿಕೊಂಡವರಲ್ಲಿ ದಲಿತ ಹೆಸರಿನವರು ಐವರಲ್ಲಿ ಒಬ್ಬರ ಹತ್ತಿರ, ಮುಸ್ಲಿಂ ಹೆಸರಿನವರು ಮೂವರಲ್ಲಿ ಒಬ್ಬರ ಹತ್ತಿರ. ಒಪ್ಪಿಕೊಂಡ ಕಡೆಯೂ ಹೆಚ್ಚು ಬಾಡಿಗೆ, ಮಾಂಸ ಬೇಯಿಸಬಾರದು ಎಂಬ ಷರತ್ತು.

ಇದಕ್ಕೆ ಮೊದಲೇ ಥೋರಟ್ ಮತ್ತು ಪಾಲ್ ಅಟೆವೆಲ್ ಖಾಸಗಿ ಕಂಪನಿಗಳ ಪತ್ರಿಕಾ ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಿ ನೋಡಿದ್ದರು. 2007ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಓದು, ಅನುಭವ ಒಂದೇ ಇದ್ದರೂ ಕರೆ ಬರುವ ಸಾಧ್ಯತೆಯ ಪ್ರಮಾಣ ಮೇಲ್ಜಾತಿಯ ಹೆಸರಿಗೆ ಒಂದು ಎಂದಿಟ್ಟುಕೊಂಡರೆ ದಲಿತ ಹೆಸರಿಗೆ 0.67, ಮುಸ್ಲಿಂ ಹೆಸರಿಗೆ 0.33.

ಈ ಎರಡು ಅಧ್ಯಯನಗಳನ್ನು ಒಟ್ಟಿಗೆ ಇಟ್ಟರೆ ನೋಯ್ಡಾದ ನಾಲ್ಕು ಪದಗಳ ಅರ್ಥ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ಸೆಕ್ಟರ್ 62ರ ಕಚೇರಿಯಲ್ಲಿ ಕೆಲಸ ಸಿಕ್ಕವನಿಗೂ ಹೆಸರಿನ ಕಾರಣಕ್ಕೆ ಸೊಸೈಟಿಯಲ್ಲಿ ಮನೆ ಸಿಗದಿದ್ದರೆ ಅವನು ನದಿ ದಾಟಿ ಓಖ್ಲಾದ ಜಾಮಿಯಾ ನಗರಕ್ಕೆ ಹೋಗುತ್ತಾನೆ. ದಿನಕ್ಕೆ ಒಂದೆರಡು ಗಂಟೆ ರಸ್ತೆಯಲ್ಲಿ ಕಳೆಯುತ್ತಾನೆ. ಸಹೋದ್ಯೋಗಿಗಳ ನೆರೆಹೊರೆ ತಪ್ಪುತ್ತದೆ, ಮುಂದಿನ ಕೆಲಸದ ಸುದ್ದಿ ಹರಡುವುದು ಆ ನೆರೆಹೊರೆಯಲ್ಲೇ. ಜಾನ್ ಕೇನ್ ಹೇಳಿದ ದೂರ ಇಲ್ಲಿ ಕೂಲಿಕಾರನಿಗಿಂತ ಹೆಚ್ಚಾಗಿ ಓದಿದ ಅಲ್ಪಸಂಖ್ಯಾತನಿಗೆ ಅನ್ವಯಿಸುತ್ತದೆ.

ಪಕ್ಕಾ ಮನೆ, ಕಳೆದ ಕೆಲಸ

ಗುಡಿಸಲಿನವರಿಗೆ ದೂರದಲ್ಲಾದರೂ ಪಕ್ಕಾ ಮನೆ ಕೊಟ್ಟರೆ ಸಾಲದೇ ಎಂಬ ಪ್ರಶ್ನೆ ಸಹಜ. 2004ರಲ್ಲಿ ಯಮುನಾ ಪುಶ್ತಾದ ಗುಡಿಸಲುಗಳನ್ನು ಕೆಡವಿ, ಅರ್ಹರೆನಿಸಿದವರನ್ನು ದೆಹಲಿಯ ವಾಯವ್ಯ ತುದಿಯ ಬವಾನಾಕ್ಕೆ ಕಳಿಸಿದರು. ಕೊಟ್ಟದ್ದು 18 ಅಥವಾ 12.5 ಚದರ ಮೀಟರ್ ನಿವೇಶನ. ಅಲ್ಲಿನ ಬದುಕನ್ನು ದಾಖಲಿಸಿದ ಕಲ್ಯಾಣಿ ಮೆನನ್-ಸೇನ್ ಮತ್ತು ಗೌತಮ್ ಭಾನ್ ಅವರ 2008ರ ಪುಸ್ತಕ ತೋರಿಸುವಂತೆ, ಮೊದಲು ಕೆಲಸ ಕಳೆದುಕೊಂಡವರು ಹೆಂಗಸರು. ಗಂಡಸು ಬಸ್ಸು ಹಿಡಿದು ಹಳೆಯ ಕೆಲಸಕ್ಕೆ ಹೋದಾನು, ಇಲ್ಲವೇ ವಾರಗಟ್ಟಲೆ ಅಲ್ಲೇ ಮಲಗಿಯಾನು. ಎರಡು ಮನೆಯ ಪಾತ್ರೆ ತೊಳೆಯಲು ಹೆಂಗಸು ಮೂವತ್ತು ನಲವತ್ತು ಕಿಲೋಮೀಟರ್ ಹೋಗಿಬರುವುದು ಸಾಧ್ಯವಿಲ್ಲ. ಬಸ್ಸಿನ ದುಡ್ಡೇ ಸಂಬಳ ತಿನ್ನುತ್ತದೆ.

ನೋಯ್ಡಾದಲ್ಲೂ ಹಾಗೆಯೇ ಒಂದು ಪ್ರಯತ್ನ ನಡೆಯಿತು. ಮೊದಲ ಕೈಗಾರಿಕಾ ಸೆಕ್ಟರ್‌ಗಳ ನಡುವೆ, 4, 5, 8, 9, 10ರಲ್ಲಿ, ಹಳೆಯ ಗುಡಿಸಲುಗಳಿವೆ. 2010ರ ಆಸುಪಾಸಿನಲ್ಲಿ ಪ್ರಾಧಿಕಾರ ಅವರಿಗೆಂದು ಸೆಕ್ಟರ್ 122ರಲ್ಲಿ ಫ್ಲ್ಯಾಟು ಕಟ್ಟಿಸತೊಡಗಿತು. ಅದು ಹತ್ತು ಕಿಲೋಮೀಟರ್ ಆಚೆ. ಎಲ್ಲರೂ ಹೋಗಲಿಲ್ಲ. ಆ ಸೆಕ್ಟರ್‌ಗಳಲ್ಲಿ ಗುಡಿಸಲುಗಳು ಇನ್ನೂ ಇವೆ.

ಇದನ್ನು ಬಡವರ ಹಟ, ಮೌಢ್ಯ ಎನ್ನುವವರಿಗೆ ಅಹಮದಾಬಾದ್ ಉತ್ತರ ಕೊಡುತ್ತದೆ. 1987ರಲ್ಲಿ ಅಲ್ಲಿನ ಕೆಲವು ಬಡ ಹೆಂಗಸರಿಗೆ ಲಾಟರಿ ಎತ್ತಿ ಮನೆ ಕೊಟ್ಟರು. ಮನೆ ಚೆನ್ನಾಗಿತ್ತು, ನಗರದ ನಡುಭಾಗದಿಂದ 12 ಕಿಲೋಮೀಟರ್ ದೂರವಿತ್ತು. ಹದಿನಾಲ್ಕು ವರ್ಷ ಬಿಟ್ಟು ಷೇರನ್ ಬಾರ್ನ್‌ಹಾರ್ಟ್, ಎರಿಕಾ ಫೀಲ್ಡ್ ಮತ್ತು ರೋಹಿಣಿ ಪಾಂಡೆ ಎಂಬ ಅರ್ಥಶಾಸ್ತ್ರಜ್ಞರು ಲಾಟರಿ ಗೆದ್ದವರನ್ನೂ ಸೋತವರನ್ನೂ ಹೋಲಿಸಿದರು. ಗೆದ್ದವರಲ್ಲಿ 34 ಶೇಕಡ ಹೊಸ ಮನೆಗೆ ಹೋಗಿಯೇ ಇರಲಿಲ್ಲ. 32 ಶೇಕಡ ಹೋಗಿ ವಾಪಸು ಬಂದಿದ್ದರು. ಗೆದ್ದವರ ಆದಾಯ ಸೋತವರಿಗಿಂತ ಹೆಚ್ಚಿರಲಿಲ್ಲ, ಮಕ್ಕಳ ಸ್ಥಿತಿಯಲ್ಲೂ ವ್ಯತ್ಯಾಸವಿರಲಿಲ್ಲ. ಕಷ್ಟಕಾಲಕ್ಕೆ ಕೈಗಡ ಕೊಡುವ ಬಂಧುಬಳಗ ಮಾತ್ರ ದೂರವಾಗಿತ್ತು. ಬೆಂಗಳೂರಿನ ಓದುಗರಿಗೆ ಈಜೀಪುರ ನೆನಪಿರಬಹುದು. 2013ರ ಜನವರಿಯಲ್ಲಿ ಕೋರಮಂಗಲದ ಪಕ್ಕದ ಆ ಕ್ವಾರ್ಟರ್ಸ್‌ನಿಂದ ಸುಮಾರು 1,500 ಕುಟುಂಬಗಳನ್ನು ಎಬ್ಬಿಸಿದರು, ಕೆಲವರಿಗೆ ಸರ್ಜಾಪುರ ರಸ್ತೆಯ ಆಚೆ ಸೂಲಿಕುಂಟೆಯಲ್ಲಿ ಜಾಗ ತೋರಿಸಿದರು. ಕೋರಮಂಗಲದ ಮನೆಗಳಲ್ಲಿ ಕೆಲಸಕ್ಕಿದ್ದ ಹೆಂಗಸರಿಗೆ ಸೂಲಿಕುಂಟೆ ಎಂದರೆ ಅಹಮದಾಬಾದಿನ ಆ 12 ಕಿಲೋಮೀಟರೇ.

ಕೆಲಸದ ಹತ್ತಿರ ಇರುವ ಕೆಟ್ಟ ಜಾಗ ಬಡವರ ಬಂಡವಾಳ. ಅದಕ್ಕೆ ಹಕ್ಕುಪತ್ರ ಇಲ್ಲ ಎಂಬುದೇ ತೊಂದರೆ. ಸೊಸೈಟಿಯವರಿಗೂ ಕಾರ್ಖಾನೆಯವರಿಗೂ ಅವರು ಹತ್ತಿರ ಇರುವುದು ಬೇಕು, ಅಲ್ಲಿ ನೆಲೆಯೂರುವುದು ಬೇಡ. ಬೆಳಿಗ್ಗೆ ಆರಕ್ಕೆ ಬಾಗಿಲು ತಟ್ಟುವವಳು ಹತ್ತು ನಿಮಿಷದ ದಾರಿಯಲ್ಲಿರಬೇಕು. ಅವಳ ಗುಡಿಸಲು ಮಾತ್ರ ಬಾಲ್ಕನಿಯಿಂದ ಕಾಣಬಾರದು.

ಯಾರನ್ನು ಕೇಳುವುದು

ಇಂಥ ವಿಷಯ ಎತ್ತಲು ಊರಿನಲ್ಲಿ ಒಬ್ಬ ಕಾರ್ಪೊರೇಟರ್ ಇರುತ್ತಾನೆ. ನೋಯ್ಡಾದಲ್ಲಿ ಇಲ್ಲ. ಸಂವಿಧಾನದ 243ಕ್ಯೂ ವಿಧಿ ಕೈಗಾರಿಕಾ ಪಟ್ಟಣಗಳಿಗೆ ಕೊಟ್ಟಿರುವ ವಿನಾಯಿತಿಯನ್ನು ಬಳಸಿ ಇಲ್ಲಿ ನಗರಸಭೆಯೇ ಇಲ್ಲ. 2015ರ ಪಂಚಾಯತಿ ಚುನಾವಣೆಯ ಹೊತ್ತಿಗೆ ಹಳ್ಳಿಗಳ ಗ್ರಾಮ ಪಂಚಾಯತಿಗಳೂ ಹೋದವು. ಶಾಸಕ, ಸಂಸದರಿಗೆ ಮತ ಹಾಕಬಹುದು; ಚರಂಡಿ, ಶೌಚಾಲಯ, ಬೀದಿದೀಪ, ಗುಡಿಸಲಿನ ಪ್ರಶ್ನೆಗೆ ಉತ್ತರಿಸಬೇಕಾದವರು ಪ್ರಾಧಿಕಾರದ ಅಧಿಕಾರಿಗಳು. ಸೊಸೈಟಿಯವರಿಗೆ ನಿವಾಸಿಗಳ ಸಂಘವಿದೆ, ರೈತರಿಗೆ ಧರಣಿ ಕೂರುವ ಸಂಘಟನೆಯಿದೆ. ಬಾಡಿಗೆ ಕೋಣೆಯ ಕಾರ್ಮಿಕನ ಮತ ಬಹುಪಾಲು ಅವನ ಊರಿನಲ್ಲೇ ಇರುತ್ತದೆ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು, ನೋಯ್ಡಾವನ್ನು ಮಹಾನಗರ ಪಾಲಿಕೆಯಾಗಿ ಮಾಡುವುದನ್ನು ಪರಿಶೀಲಿಸಿ ಎಂದು ಉತ್ತರ ಪ್ರದೇಶ ಸರ್ಕಾರಕ್ಕೆ ಸೂಚಿಸಿತು. ಪಾಲಿಕೆ ಬಂದ ಮಾತ್ರಕ್ಕೆ ಖೋಡಾಕ್ಕೆ ನೀರು ಬರುವುದಿಲ್ಲ, ಅದು ಬೇರೆ ಜಿಲ್ಲೆ. ಆದರೆ ಮಾಮೂರಾದ ಕೋಣೆಯಲ್ಲಿರುವವನು ಊರಿನ ನಿವಾಸಿ ಹೌದೋ ಅಲ್ಲವೋ ಎಂಬ ಪ್ರಶ್ನೆಯನ್ನು ಯಾರಾದರೂ ಒಬ್ಬರು ಮತ ಕೇಳಲು ಬಂದಾಗ ಎದುರಿಸಬೇಕಾಗುತ್ತದೆ.

ಈಗ ಅದೇ ಜಿಲ್ಲೆಯ ದಕ್ಷಿಣ ತುದಿಯ ಜೇವರ್‌ನಲ್ಲಿ ಹೊಸ ವಿಮಾನ ನಿಲ್ದಾಣದ ಸುತ್ತ ನಕ್ಷೆಗಳು ತಯಾರಾಗುತ್ತಿವೆ. 2021ರ ನವೆಂಬರ್ 25ರಂದು ಅಡಿಗಲ್ಲು ಬಿತ್ತು. ರೋಹಿ ಮುಂತಾದ ಹಳ್ಳಿಗಳ ಜನ ಜೇವರ್ ಬಾಂಗರ್‌ನ ಹೊಸ ಬಡಾವಣೆಗೆ ಹೋಗಿದ್ದಾರೆ. ವಿಮಾನಕ್ಕೆ, ಗೋದಾಮಿಗೆ, ಕಾರ್ಖಾನೆಗೆ, ಫಿಲ್ಮ್ ಸಿಟಿಗೆ ಇಷ್ಟಿಷ್ಟು ಹೆಕ್ಟೇರ್ ಎಂಬ ಲೆಕ್ಕ ಕಾಗದದಲ್ಲಿದೆ. ಸಾಮಾನು ಹೊರುವವರು, ಕಸ ಗುಡಿಸುವವರು, ರಾತ್ರಿ ಪಾಳಿಯ ಕಾವಲಿನವರು ಎಲ್ಲಿ ಮಲಗುತ್ತಾರೆ ಎಂಬುದನ್ನು ಈ ಬಾರಿಯಾದರೂ ಮೊದಲೇ ಬರೆಯಬಹುದು. ಬರೆಯದಿದ್ದರೆ ಉತ್ತರ ಕೊಡಲು ಸುತ್ತಲಿನ ಹಳ್ಳಿಗಳ ಮಾಲೀಕರು ಸಿದ್ಧರಿದ್ದಾರೆ. ಹರೋಲಾ, ಬರೋಲಾಗಳಲ್ಲಿ ಅದು ಹೇಗೆ ನಡೆಯಿತು ಎಂದು ಅವರಿಗೆ ಚೆನ್ನಾಗಿ ಗೊತ್ತು.